ಮೂರನೇ ಕ್ಲಾಸಿನಲ್ಲಿ ತಪ್ಪಿದ ದಶಕ: ಲೆಕ್ಕದಲ್ಲಿ ಹಿಂದೆ ಬಿದ್ದ ಮಗುವಿನ 200 ವರ್ಷದ ಕಥೆ

ಬಸ್ಸಲ್ಲೋ, ಹಾಸ್ಟೆಲ್ ರೂಮಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಮೊದಲು ಒಂದು ಸಣ್ಣ ಲೆಕ್ಕ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದ್ರೆ ನಮ್ಮ ಮಾರಿಕಣಿವೆ ಡ್ಯಾಮು, 1933ರಲ್ಲಿ ಕೋಡಿ ಬಿದ್ದಿತ್ತು. ಅದಾದ ಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ ಎಷ್ಟು ವರ್ಷ?

89. ಸರಿ. ಈಗ ಇದೇ ಲೆಕ್ಕವನ್ನ ಕಳೆಯೋ ಲೆಕ್ಕ ಇನ್ನೂ ಪೂರ್ತಿ ಹತ್ತದ ಮಗುವಿಗೆ ಕೊಡಿ. ಮೇಲೆ 2022, ಕೆಳಗೆ 1933. ಬಿಡಿ ಸ್ಥಾನದಲ್ಲಿ ಎರಡರಿಂದ ಮೂರು ಹೋಗಲ್ಲ. ಮಗು ಏನು ಮಾಡುತ್ತೆ? ತಿರುಗಿಸುತ್ತೆ. ಮೂರರಿಂದ ಎರಡು ಹೋದ್ರೆ ಒಂದು. ಹತ್ತರ ಸ್ಥಾನದಲ್ಲೂ ಅಷ್ಟೇ, ಒಂದು. ನೂರರ ಸ್ಥಾನದಲ್ಲಿ ಒಂಬತ್ತರಿಂದ ಸೊನ್ನೆ ಹೋದ್ರೆ ಒಂಬತ್ತು. ಸಾವಿರದಲ್ಲಿ ಎರಡರಿಂದ ಒಂದು ಹೋದ್ರೆ ಒಂದು. ಉತ್ತರ 1911. ಡ್ಯಾಮು ಕೋಡಿ ಬೀಳೋಕೆ 1911 ವರ್ಷ ಕಾಯ್ತು ಅಂತ ಆಯ್ತು.

ನಗಬೇಡಿ. ಈ ಮಗು ಕಣ್ಣುಮುಚ್ಚಿ ಏನೋ ಒಂದು ಬರೆದಿಲ್ಲ. ಅದಕ್ಕೊಂದು ನಿಯಮ ಇದೆ: ಯಾವಾಗಲೂ ದೊಡ್ಡದರಿಂದ ಸಣ್ಣದನ್ನ ಕಳೀಬೇಕು. ಒಂದನೇ ಕ್ಲಾಸಲ್ಲಿ ನಾವೇ ಹೇಳಿಕೊಟ್ಟ ನಿಯಮ ಅದು. ಎರಡಂಕಿ ಬಂದಾಗ, ದಶಕ ತಗೊಳ್ಳೋದು ಬಂದಾಗ, ಆ ನಿಯಮವೇ ಕೈ ಕೊಡುತ್ತೆ. ಅಮೆರಿಕದಲ್ಲಿ ಬ್ರೌನ್ ಮತ್ತು ಬರ್ಟನ್ ಅನ್ನೋ ಇಬ್ಬರು ಸಂಶೋಧಕರು 1978ರಲ್ಲೇ ಮಕ್ಕಳ ಇಂಥ ತಪ್ಪುಗಳನ್ನ ಪಟ್ಟಿ ಮಾಡಿ, ಅದನ್ನ ಹುಡುಕೋಕೆ ‘ಬಗ್ಗಿ’ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಬರೆದ್ರು. ಸಾಫ್ಟ್‌ವೇರಲ್ಲಿ ಬಗ್ ಇರೋ ಹಾಗೆ ಮಗುವಿನ ಲೆಕ್ಕದಲ್ಲೂ ಬಗ್ ಇರುತ್ತೆ, ಆ ಬಗ್ ಕೂಡ ಒಂದು ಕ್ರಮದಲ್ಲೇ ನಡೆಯುತ್ತೆ ಅನ್ನೋದು ಅವರ ವಾದ. ಅಂದ್ರೆ ಯಾರಾದ್ರೂ ಪಕ್ಕ ಕೂತು ಹತ್ತು ನಿಮಿಷ ನೋಡಿದ್ರೆ ತಪ್ಪು ಎಲ್ಲಿದೆ ಅಂತ ಸಿಗುತ್ತೆ.

ಪಕ್ಕ ಕೂರೋರು ಯಾರು, ಯಾವಾಗ ಕೂರ್ತಾರೆ? ಚಿತ್ರದುರ್ಗ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳಿದ್ರೆ ಇತಿಹಾಸ ಸ್ವಾರಸ್ಯವಾಗಿ ಬಿಚ್ಕೊಳ್ಳುತ್ತೆ. ಕೋಟೆ, ಮದಕರಿ ನಾಯಕ, ಓಬವ್ವನ ಕಿಂಡಿ ಇವತ್ತಿಗೆ ಪಕ್ಕಕ್ಕಿರಲಿ.

ಕಲ್ಲಿನಿಂದಲೇ ಶುರು ಮಾಡೋಣ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರದ ಹತ್ತಿರ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದಿದ್ದು. ಆ ಶಾಸನದ ಕೊನೆ ಕಡೆ ಒಂದು ಸಂಖ್ಯೆ ಬರುತ್ತೆ: 256. ಅದನ್ನ ಕೆತ್ತಿರೋ ರೀತಿ ನೋಡಿ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಎರಡು ಅನ್ನೋ ಅಂಕಿಯನ್ನ ನೂರರ ಜಾಗದಲ್ಲಿ ಇಟ್ರೆ ಅದೇ ಇನ್ನೂರಾಗುತ್ತೆ ಅನ್ನೋ ಸ್ಥಾನಬೆಲೆಯ ಉಪಾಯ ಅದರಲ್ಲಿಲ್ಲ, ಸೊನ್ನೆಯೂ ಇಲ್ಲ.

ಈಗ ಎರಡನೇ ಕ್ಲಾಸಿನ ಮಗುವಿಗೆ ‘ಇನ್ನೂರ ಐವತ್ತಾರು’ ಅಂತ ಉಕ್ತಲೇಖನ ಕೊಡಿ. ಕೆಲವು ಮಕ್ಕಳು 200506 ಅಂತ ಬರೀತಾವೆ. ಕೇಳಿಸಿದ್ದನ್ನ ಕೇಳಿಸಿದ ಹಾಗೇ. ನನಗೆ ಇದು ತುಂಬಾ ಇಷ್ಟವಾದ ತಪ್ಪು. ಬ್ರಹ್ಮಗಿರಿಯ ಕಲ್ಲುಕುಟಿಗ ಇನ್ನೂರು, ಐವತ್ತು, ಆರು ಅಂತ ಕೆತ್ತಿದ್ದೂ ಹೀಗೇ ತಾನೆ? ಸ್ಥಾನಬೆಲೆ ಅನ್ನೋದು ಜನ ಶತಮಾನಗಟ್ಟಲೆ ತಗೊಂಡು ಕಂಡ್ಕೊಂಡ ವಿಷಯ. ಅದನ್ನ ನಾವು ಜೂನ್‌ನಲ್ಲಿ ಶುರು ಮಾಡಿ ದಸರಾ ರಜೆಯೊಳಗೆ ಮುಗಿಸ್ತೀವಿ.

ಒಂದು ವಿಷಯದಲ್ಲಿ ಕನ್ನಡದ ಮಕ್ಕಳು ಅದೃಷ್ಟವಂತರು. ಇಪ್ಪತ್ತೊಂದು, ನಲವತ್ತೆರಡು, ಎಪ್ಪತ್ತೈದು ಅಂತ ಹೇಳುವಾಗಲೇ ಹತ್ತು ಎಷ್ಟು, ಬಿಡಿ ಎಷ್ಟು ಅಂತ ಕಿವಿಗೆ ಬೀಳುತ್ತೆ. ಹಿಂದಿಯಲ್ಲಿ ನೂರರವರೆಗಿನ ಬಹುಪಾಲು ಹೆಸರನ್ನ ಒಂದೊಂದಾಗಿ ಉರು ಹೊಡೀಬೇಕು. ನಮ್ಮಲ್ಲಿ ಎಡವಟ್ಟು ಅಂದ್ರೆ ಒಂಬೈನೂರು, ತೊಂಬತ್ತು ಥರದವು ಅಷ್ಟೇ.

ಈಗ 1823ಕ್ಕೆ ಬರೋಣ. ಆಗ ಚಿತ್ರದುರ್ಗ ಮೈಸೂರು ಒಡೆಯರ ರಾಜ್ಯದಲ್ಲಿತ್ತು, ಪಕ್ಕದ ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರ ಜೂನ್‌ನಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರ್‌ಗಳಿಗೂ ಒಂದು ಆದೇಶ ಕಳಿಸಿದ: ನಿಮ್ಮ ಕಡೆ ಎಷ್ಟು ಶಾಲೆ, ಎಷ್ಟು ಮಕ್ಕಳು, ಏನು ಕಲಿಸ್ತಾರೆ, ವರದಿ ಕೊಡಿ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಅವನು ಬರೀ ಅಂಕಿ ಕಳಿಸಿ ಕೈತೊಳ್ಕೊಳ್ಳಲಿಲ್ಲ, ಶಾಲೆಯೊಳಗೆ ಬೆಳಗ್ಗೆಯಿಂದ ಏನೇನು ನಡೆಯುತ್ತೆ ಅಂತ ವಿವರವಾಗಿ ಬರೆದ. ಮೈಸೂರು ಕಡೆ ಆ ಸರ್ವೆ ನಡೀಲಿಲ್ಲ. ಆದ್ರೆ ಬಳ್ಳಾರಿ, ರಾಯದುರ್ಗ ಅಂದ್ರೆ ಮೊಳಕಾಲ್ಮೂರಿನ ಬೇಲಿ ಪಕ್ಕ. ಅದೇ ಭಾಷೆ, ಅದೇ ಬಿಸಿಲು, ಅದೇ ಕೂಲಿಮಠ. ಹಾಗಾಗಿ ನಮ್ಮ ಕಡೆಯ ಶಾಲೆಗಳೂ ತೀರಾ ಬೇರೆ ಇರಲಿಲ್ಲ ಅಂತ ನಾನು ಅಂದ್ಕೊಂಡಿದ್ದೀನಿ.

ಕೂಲಿಮಠ ಅಂದ್ರೆ ಗೊತ್ತಲ್ಲ? ಅಪ್ಪ ಅಮ್ಮ ದುಡ್ಡೋ ಕಾಳೋ ಕೊಟ್ಟು ಮಕ್ಕಳನ್ನ ಕಳಿಸೋ ಊರಿನ ಶಾಲೆ. ಮೇಷ್ಟ್ರನ್ನ ಐಗಳು ಅಂತಿದ್ರು. ದೇವಸ್ಥಾನದ ಜಗಲಿ, ಯಾರದೋ ಪಡಸಾಲೆ, ಎಲ್ಲಾದ್ರೂ ನಡೀತಿತ್ತು.

ಕ್ಯಾಂಬೆಲ್ ಲೆಕ್ಕದ ಪ್ರಕಾರ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು, ಅದಕ್ಕೇ ಕನ್ನಡ ಶಾಲೆ 235 ಇದ್ರೆ ತೆಲುಗು ಶಾಲೆ 226. ಇಂಗ್ಲಿಷ್ ಶಾಲೆ ಒಂದೇ ಒಂದು. ಭಾಗಿಸಿ ನೋಡಿ, ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಇವತ್ತು ಎಷ್ಟೋ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರೋದೂ ಹೆಚ್ಚು ಕಡಿಮೆ ಅಷ್ಟೇ.

ಬೆಳಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೀತಿದ್ರು, ಅದು ಮರ್ಯಾದೆ. ಎರಡನೇ ಮಗುವಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೇ ಮಗುವಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯದಕ್ಕೆ ಎರಡು. ಹೀಗೇ ಒಂದೊಂದು ಜಾಸ್ತಿ. ಹನ್ನೆರಡನೆಯವನಾಗಿ ಬಂದ್ರೆ ಹತ್ತು ಏಟು. ಕೂಡೋ ಲೆಕ್ಕ ಬೇಗ ಬರ್ತಿತ್ತೇನೋ!

ಮೊದಮೊದಲು ಮರಳ ಮೇಲೆ ಬೆರಳಲ್ಲಿ ಬರೆಯೋದು, ಆಮೇಲೆ ಹಲಗೆ, ಆಮೇಲೆ ಕಡತ. ಇವತ್ತು ಕಡತ ಅಂದ್ರೆ ತಾಲ್ಲೂಕು ಆಫೀಸಿನ ಫೈಲು. ಆಗ ಕಡತ ಅಂದ್ರೆ ಬಟ್ಟೆಗೆ ಅಂಟು, ಇದ್ದಿಲು ಬಳಿದು ಒಣಗಿಸಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆದು ಒರೆಸಬಹುದು. ಆ ಕಾಲದ ಟ್ಯಾಬ್ಲೆಟ್ ಅನ್ನಿ. ಲೆಕ್ಕದಲ್ಲಿ ಮಗ್ಗಿ, ಕೂಡೋದು ಕಳೆಯೋದು, ದುಡ್ಡಿನ ಲೆಕ್ಕ, ತೂಕ ಅಳತೆ, ಭಿನ್ನರಾಶಿ. ಕಾಲು, ಅರೆ, ಮುಕ್ಕಾಲರ ಮಗ್ಗಿ ಯಾಕೆ ಬೇಕಿತ್ತು ಅಂದ್ರೆ ರೂಪಾಯಿಗೆ ಹದಿನಾರು ಆಣೆ. ಕಾಲು ಅಂದ್ರೆ ನಾಲ್ಕಾಣೆ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, ನೂರರ ಲೆಕ್ಕ ಬಂತು, ಆ ಮಗ್ಗಿಗಳಿಗೆ ಕೆಲಸ ಇಲ್ಲದ ಹಾಗಾಯ್ತು.

ನಮ್ಮ ವಿಷಯಕ್ಕೆ ಬೇಕಾಗಿರೋದು ವರದಿಯ ಇನ್ನೊಂದು ಭಾಗ. ಕ್ಯಾಂಬೆಲ್ ಹೇಳೋ ಪ್ರಕಾರ ಶಾಲೆಯ ಮಕ್ಕಳನ್ನ ಸಾಮಾನ್ಯವಾಗಿ ನಾಲ್ಕು ಗುಂಪು ಮಾಡ್ತಿದ್ರು. ವಯಸ್ಸಿನ ಮೇಲಲ್ಲ, ಎಷ್ಟು ಕಲಿತಿದೆ ಅನ್ನೋದರ ಮೇಲೆ. ಕೆಳಗಿನ ಗುಂಪುಗಳನ್ನ ಒಂದಷ್ಟು ಮಟ್ಟಿಗೆ ಮುಂದಿರೋ ಹುಡುಗರು ನೋಡ್ಕೋತಿದ್ರು. ಐಗಳು ಮೇಲಿನ ಗುಂಪಿಗೆ ಪಾಠ ಹೇಳ್ತಾ ಇಡೀ ಶಾಲೆ ಮೇಲೆ ಕಣ್ಣಿಡ್ತಿದ್ರು. ಕಲಿತವನು ಹೇಳಿಕೊಡ್ತಾ ತನ್ನ ಕಲಿಕೆಯನ್ನೂ ಗಟ್ಟಿ ಮಾಡ್ಕೊಳ್ತಾನೆ, ಇದನ್ನ ಇಂಗ್ಲೆಂಡಿನವರು ನಕಲು ಮಾಡಿದ್ದು ಸರಿಯಾಗೇ ಇದೆ ಅಂತ ಕಲೆಕ್ಟರ್ ಮೆಚ್ಚಿಕೊಳ್ತಾನೆ.

ಹೌದು, ನಕಲು. ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡ್ಕೊಳ್ತಿದ್ದ. ಊರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಲ್ಲಿ ಅಕ್ಷರ ತಿದ್ದೋದನ್ನ ನೋಡಿ ತನ್ನ ಮೇಷ್ಟ್ರಿಗೆ ಹಾಗೆ ಮಾಡಿ ಅಂದ. ಅವರು ಒಪ್ಪಲಿಲ್ಲ. ಸರಿ ಬಿಡಿ ಅಂತ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಅನ್ನೋ ಹುಡುಗನಿಗೇ ಸಣ್ಣ ಮಕ್ಕಳನ್ನ ಒಪ್ಪಿಸಿದ. ಕೆಲಸ ನಡೀತು. 1797ರಲ್ಲಿ ಲಂಡನ್‌ನಲ್ಲಿ ಪುಸ್ತಕ ಬಂತು. ಆಮೇಲೆ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರಾಯ್ತು.

ಇಲ್ಲಿಗೆ ನಿಲ್ಲಿಸಿದ್ರೆ ವಾಟ್ಸಾಪ್ ಫಾರ್ವರ್ಡ್ ಆಗಿಬಿಡುತ್ತೆ: ನಮ್ಮ ಪೂರ್ವಜರು ಎಲ್ಲಾ ಮೊದಲೇ ಕಂಡಿದ್ರು ಅಂತ. ಅದೇ ವರದಿಯನ್ನ ಪೂರ್ತಿ ಓದಿ. 6,641 ಮಕ್ಕಳಲ್ಲಿ ಹುಡುಗಿಯರು 60. ಒಂಬತ್ತು ಲಕ್ಷ ಚಿಲ್ಲರೆ ಜನಸಂಖ್ಯೆಯಲ್ಲಿ ಶಾಲೆಗೆ ಹೋಗೋರು ಸಾವಿರಕ್ಕೆ ಏಳು ಮಂದಿ. ಮಕ್ಕಳು ಅರ್ಥವೇ ಗೊತ್ತಿಲ್ಲದ ಹಳೆಯ ಪದ್ಯಗಳನ್ನ ಗಿಳಿಪಾಠ ಒಪ್ಪಿಸ್ತಾರೆ, ಎಷ್ಟೋ ಸಲ ಐಗಳಿಗೂ ಅರ್ಥ ಗೊತ್ತಿರಲ್ಲ ಅಂತಲೂ ಅವನೇ ಬರೆದಿದ್ದಾನೆ. ಜೊತೆಗೆ ಜನ ಬಡವಾಗಿದ್ದಾರೆ, ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕೆಲಸ ಹೋಗಿದೆ, ಮಕ್ಕಳು ಕೂಲಿ ಮಾಡೋ ಹಾಗಾದ ಕೂಡ್ಲೇ ಶಾಲೆ ಬಿಡಿಸ್ತಾರೆ, ಸರ್ಕಾರ ಒಂದು ಶಾಲೆಗೂ ಕಾಸು ಕೊಡ್ತಿಲ್ಲ ಅಂತ ತನ್ನ ಸರ್ಕಾರವನ್ನೇ ಬೈತಾನೆ. ಒಳಗೆ ಕೂತ ಹನ್ನೆರಡು ಮಕ್ಕಳಲ್ಲಿ ಹಿಂದೆ ಬಿದ್ದವನಿಗೆ ಆ ದಿನವೇ ಒಬ್ಬ ಜೊತೆಗಾರ ಸಿಗ್ತಿದ್ದ, ನಿಜ. ಬಾಗಿಲಾಚೆ ನಿಂತ ಸಾವಿರಾರು ಮಕ್ಕಳಿಗೆ ಹಿಂದೆ ಬೀಳೋ ಅವಕಾಶವೂ ಇರಲಿಲ್ಲ.

ಬಾಗಿಲು ತೆರೆಯೋ ಕೆಲಸ ಮೈಸೂರು ಸೀಮೆಯಲ್ಲಿ ನಿಧಾನವಾಗಿ ನಡೀತು. 1857ರಲ್ಲಿ ಶಿಕ್ಷಣ ಇಲಾಖೆ. 1868ರಲ್ಲಿ ಹೋಬಳಿಗೊಂದು ಶಾಲೆ ಅನ್ನೋ ಯೋಜನೆ. ಅದನ್ನ ಹಾಕಿದ್ದು ಆಗ ಶಿಕ್ಷಣ ಇಲಾಖೆ ನಿರ್ದೇಶಕರಾಗಿದ್ದ ಅದೇ ಬ್ರಹ್ಮಗಿರಿಯ ರೈಸ್. ಶಾಸನ ಓದೋರು ಅಂತ ನಾವು ನೆನಪಿಟ್ಕೊಂಡಿರೋ ಮನುಷ್ಯ ನಮ್ಮ ಮುತ್ತಜ್ಜಂದಿರ ಶಾಲೆಯನ್ನೂ ರೂಪಿಸಿದ್ರು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು.

ಸರ್ಕಾರಿ ಶಾಲೆ ಬಂದಾಗ ಅದರ ಜೊತೆ ತರಗತಿ ಬಂತು, ಸಿಲಬಸ್ ಬಂತು, ಇನ್‌ಸ್ಪೆಕ್ಟರ್ ಬಂದ್ರು, ಪರೀಕ್ಷೆ ಬಂತು. ಮರಳ ಮೇಲೆ ತಿದ್ದೋ ಮಗು ತಿದ್ದೋದು ಬಂದ ಮೇಲೆ ಮುಂದಕ್ಕೆ ಹೋಗ್ತಿತ್ತು. ಈಗ ವರ್ಷ ಮುಗಿದ ಮೇಲೆ ಮುಂದಕ್ಕೆ ಹೋಗಬೇಕು, ಇಲ್ಲಾ ಫೇಲಾಗಿ ಅಲ್ಲೇ ಕೂರಬೇಕು. ಫೇಲು ಮಾಡೋದು ಅಂದ್ರೆ ಅದೇ ಪಾಠವನ್ನ ಅದೇ ರೀತಿ ಇನ್ನೊಂದು ವರ್ಷ ಕೇಳಿಸೋದು. 2022ರಿಂದ 1933 ಕಳೆಯೋಕೆ ಬರದ ಮಗುವಿಗೆ ಅದರಿಂದ ಏನು ಸಿಕ್ತು ಅಂತ ನನಗೆ ಯಾವತ್ತೂ ಅರ್ಥ ಆಗಿಲ್ಲ. ಸಿಕ್ಕಿದ್ದು ಒಂದೇ, ದಡ್ಡ ಅನ್ನೋ ಹೆಸರು.

ಇಲ್ಲಿ ನನ್ನ ಅಜ್ಜಿ ಬಗ್ಗೆ ಒಂದು ಮಾತು. ಹೊಳಲ್ಕೆರೆ ಕಡೆಯವರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಭೀಮಸಮುದ್ರದ ಅಡಿಕೆ ವ್ಯಾಪಾರಿ ಮನೆ ಮುಂದೆ ತೂಕ ಹಾಕುವಾಗ ಕ್ವಿಂಟಾಲಿಗೆ ಇಷ್ಟು ಅಂದ್ರೆ ಮೂವತ್ತೇಳೂವರೆ ಕೆ.ಜಿ.ಗೆ ಎಷ್ಟು ಅಂತ ಅವನು ಮೊಬೈಲ್ ತೆಗೆಯೋದ್ರೊಳಗೆ ಹೇಳ್ತಿದ್ರು. ಹೇಗೆ ಅಂತ ಕೇಳಿದ್ರೆ, ಮೂರು ಸಲ ಹತ್ತು, ಅದರ ಮೇಲೆ ಹತ್ತರಲ್ಲಿ ಮುಕ್ಕಾಲು ಅಂತಿದ್ರು. ಅದನ್ನೇ ಹಾಳೆ ಮೇಲೆ ಬರೆದು ಕೊಟ್ರೆ ಏನೂ ಇಲ್ಲ.

ಇದು ನಮ್ಮ ಅಜ್ಜಿಯರ ವಿಶೇಷ ಅಂದ್ಕೊಂಡಿದ್ದೆ. ಬ್ರೆಜಿಲ್ ದೇಶದ ರೆಸಿಫೆ ಊರಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮಾರೋ ಮಕ್ಕಳ ಮೇಲೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ಸಣ್ಣದು, ಐದೇ ಮಕ್ಕಳು. ಬೀದಿಯಲ್ಲಿ ಗಿರಾಕಿ ಥರ ನಿಂತು ಕೇಳಿದಾಗ ನೂರಕ್ಕೆ 98 ಸರಿ ಉತ್ತರ. ಅದೇ ಲೆಕ್ಕವನ್ನ ಶಾಲೆಯ ರೀತಿಯಲ್ಲಿ ಕೊಟ್ಟಾಗ 37. ನಮ್ಮ ದೇಶದ ಕೋಲ್ಕತ್ತ, ದಿಲ್ಲಿಯ ಸಂತೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಇದನ್ನ ದೊಡ್ಡ ಮಟ್ಟದಲ್ಲಿ ನೋಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ್ರು. ವ್ಯಾಪಾರ ಮಾಡೋ ಮಕ್ಕಳು ಶಾಲೆ ಲೆಕ್ಕದಲ್ಲಿ ತಡವರಿಸಿದ್ರು, ಶಾಲೆ ಮಕ್ಕಳು ಸಂತೆ ಲೆಕ್ಕದಲ್ಲಿ ತಡವರಿಸಿದ್ರು. ಹೊಸದುರ್ಗದಲ್ಲಿ ಅಪ್ಪನ ಜೊತೆ ತೆಂಗಿನಕಾಯಿ ಎಣಿಸೋ ಹುಡುಗ, ಚಿತ್ರದುರ್ಗ ಮಾರ್ಕೆಟ್ಟಲ್ಲಿ ಈರುಳ್ಳಿ ಚೀಲಕ್ಕೆ ಚಿಲ್ಲರೆ ಕೊಡೋ ಹುಡುಗಿ, ಇವರ ತಲೆಯಲ್ಲಿ ಲೆಕ್ಕ ಇದೆ. ಹಾಳೆಗೂ ತಲೆಗೂ ನಡುವೆ ಸೇತುವೆ ಇಲ್ಲ.

ಸೇತುವೆ ಅಂದಾಗ ನೆನಪಾಯ್ತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ‘ಸೇತುಬಂಧ’ ಗೊತ್ತಿರುತ್ತೆ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡ್ಲೇ ಹಿಂದಿನ ವರ್ಷದ್ದು ಎಷ್ಟು ಬರುತ್ತೆ ಅಂತ ಒಂದು ಪರೀಕ್ಷೆ, ಆಮೇಲೆ ಬರದಿದ್ದಕ್ಕೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಯೋಚನೆ ಸರಿಯಾಗೇ ಇದೆ. ಆದ್ರೆ ಎರಡು ವರ್ಷದ ಹಿಂದೆ ತಪ್ಪಿದ ದಶಕ ಕೆಲವು ವಾರಗಳಲ್ಲಿ ಸರಿಹೋಗಲ್ಲ, ಅಷ್ಟರಲ್ಲಿ ಈ ವರ್ಷದ ಪಾಠ ಬಾಗಿಲಲ್ಲಿ ನಿಂತಿರುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಹಳ ಜನ ನೆನಪಿಡೋದು ಫೇಲು ಮಾಡಬಾರದು ಅಂತಿದ್ದ 16ನೇ ಸೆಕ್ಷನ್ ಮಾತ್ರ. 24ನೇ ಸೆಕ್ಷನ್ ಓದಿದವರು ಕಡಿಮೆ. ಪ್ರತಿ ಮಗುವಿನ ಕಲಿಕೆ ಎಷ್ಟಿದೆ ಅಂತ ನೋಡಿ, ಬೇಕಾದ್ರೆ ಹೆಚ್ಚುವರಿಯಾಗಿ ಹೇಳಿಕೊಡೋದು ಶಿಕ್ಷಕರ ಕರ್ತವ್ಯ ಅಂತ ಅದರಲ್ಲಿದೆ. ಅದೇ ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳಿದ್ರೆ ಇಬ್ಬರು ಶಿಕ್ಷಕರು. ಐದು ಕ್ಲಾಸು, ಇಬ್ಬರು ಮೇಷ್ಟ್ರು. ಒಬ್ಬರು ಟ್ರೈನಿಂಗಿಗೆ ಹೋದ್ರೆ ಒಬ್ಬರೇ. ಭಾಗಾಕಾರ ನೀವೇ ಮಾಡ್ಕೊಳ್ಳಿ.

ಕರ್ನಾಟಕ ಇದಕ್ಕೆ ಒಂದು ದಾರಿ ಹುಡುಕಿತ್ತು, ಅದೂ ಹಳ್ಳಿ ಮೇಷ್ಟ್ರುಗಳ ಕೈಯಿಂದ. 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯಲ್ಲಿ, ಯುನಿಸೆಫ್ ಸಹಾಯದಿಂದ, ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನ ನೋಡಿ ಬಂದು ಶುರು ಮಾಡಿದ ‘ನಲಿ-ಕಲಿ’. 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ಕ್ಲಾಸಿಗೆ ಬಂತು, ಆಮೇಲೆ ಮೂರಕ್ಕೂ. ನಿಮ್ಮಲ್ಲಿ ಎಷ್ಟೋ ಜನ ನಲಿ-ಕಲಿ ಮಕ್ಕಳೇ ಇರಬೇಕು. ಏಣಿ ಥರದ ಮೆಟ್ಟಿಲು, ಗೋಡೆಗೆ ನೇತಾಡೋ ಕಾರ್ಡುಗಳು, ನೆಲದ ಮೇಲೆ ಐದು ತಟ್ಟೆ. ಒಂದನೇ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ಸಹಾಯ, ಎರಡರಲ್ಲಿ ಅಲ್ಪಸ್ವಲ್ಪ, ಮೂರು ನಾಲ್ಕರಲ್ಲಿ ಜೊತೆ ಮಕ್ಕಳ ಸಹಾಯ, ಐದರಲ್ಲಿ ತಾನೇ ಕಲಿಯೋದು. ಮೂರು ದಿನ ಶಾಲೆ ತಪ್ಪಿಸಿದ ಮಗು ಬಂದು ಬಿಟ್ಟ ಮೆಟ್ಟಿಲಿಂದಲೇ ಶುರು ಮಾಡಬಹುದು.

ಕ್ಯಾಂಬೆಲ್‌ನ ನಾಲ್ಕು ಗುಂಪುಗಳನ್ನ ಇದರ ಪಕ್ಕ ಇಟ್ಟು ನೋಡಿ. ಏಟು ಇಲ್ಲ, ಹುಡುಗಿಯರು ಅರ್ಧ ಇದ್ದಾರೆ, ಎಲ್ಲ ಜಾತಿ ಮಕ್ಕಳೂ ಒಂದೇ ತಟ್ಟೆ ಸುತ್ತ ಇದ್ದಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನಗೆ ನಿಜಕ್ಕೂ ರೋಮಾಂಚನ ಆಯ್ತು. ಇವರು ಆ ವರದಿ ಓದಿ ಮಾಡಿದ್ದಲ್ಲ. ಒಬ್ಬರೇ ಮೇಷ್ಟ್ರು, ಬೇರೆ ಬೇರೆ ಹಂತದ ಮಕ್ಕಳು, ಈ ಕಷ್ಟಕ್ಕೆ ಸಿಕ್ಕ ಉತ್ತರ ಎರಡು ಕಾಲದಲ್ಲೂ ಒಂದೇ ದಿಕ್ಕಿಗೆ ಹೋಗಿದೆ.

ಆಮೇಲೆ ನಾಲ್ಕನೇ ಕ್ಲಾಸು. ತಟ್ಟೆ ಎದ್ದು ಹೋಗುತ್ತೆ, ಬೆಂಚು, ಪುಸ್ತಕ, ಎಲ್ಲರಿಗೂ ಒಂದೇ ಪಾಠ. ಏಣಿಯ ಅರ್ಧದಲ್ಲಿದ್ದ ಮಗುವನ್ನ ಏಣಿ ತೆಗೆದು ಮಹಡಿ ಮೇಲೆ ಬಾ ಅಂದ ಹಾಗೆ. ಆ ಜಾಗದಲ್ಲೇ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ‘ಗಣಿತ ಕಲಿಕಾ ಆಂದೋಲನ’ ತಂತು. 2015-16ರಲ್ಲಿ ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲು, ಆಮೇಲೆ ಉಳಿದ ಕಡೆಗೆ. ನಾಲ್ಕು, ಐದನೇ ಕ್ಲಾಸಿಗೆ ಒಂದು ಪೆಟ್ಟಿಗೆ: ಮಣಿಕಟ್ಟು, ಹತ್ತರ ಕಟ್ಟುಗಳು, ಭಿನ್ನರಾಶಿ ಪಟ್ಟಿ, ಆಟದ ನೋಟು. ಹತ್ತರ ಕಟ್ಟನ್ನ ಬಿಚ್ಚಿ ಹತ್ತು ಬಿಡಿ ಮಾಡೋದನ್ನ ಕೈಯಾರೆ ಮಾಡಿದ ಮಗು 1911 ಅಂತ ಬರೆಯೋದು ಕಷ್ಟ. ಪೆಟ್ಟಿಗೆ ಬೀರುವಿನೊಳಗೆ ಬೀಗ ಹಾಕ್ಕೊಂಡು ಕೂತಿರದಿದ್ರೆ ಅಂತ ಸೇರಿಸ್ಬೇಕು.

ಇಷ್ಟೆಲ್ಲಾ ಇದ್ದೂ ದೇಶದ ಸ್ಥಿತಿ? ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಾಡೋ ‘ಅಸರ್’ ಸಮೀಕ್ಷೆಯಲ್ಲಿ ಒಂದು ಸರಳ ಭಾಗಾಕಾರ ಕೊಡ್ತಾರೆ, ಮೂರಂಕಿಯನ್ನ ಒಂದಂಕಿಯಿಂದ. ಐದನೇ ಕ್ಲಾಸಿನ ಮಕ್ಕಳಲ್ಲಿ ಮಾಡಿದವರು 2022ರಲ್ಲಿ ನೂರಕ್ಕೆ 25.6, 2024ರಲ್ಲಿ 30.7. ಏರಿದೆ, ಸಂತೋಷ. ಆದರೂ ಹತ್ತರಲ್ಲಿ ಏಳು ಮಕ್ಕಳು ಹೊರಗೆ.

ಈಗ ನಮ್ಮ ಜಿಲ್ಲೆಗೆ ಬನ್ನಿ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೆ ಫಸ್ಟ್. ನೂರಕ್ಕೆ 96.8 ಪಾಸು. ಮಂಡ್ಯ, ಹಾಸನವನ್ನೂ ಹಿಂದೆ ಹಾಕಿ! ಸ್ಟೇಟಸ್ ಹಾಕ್ಕೊಂಡವರು ನೆನಪಿರಬಹುದು. ಮರು ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶವೇ ಕುಸಿದು ಕೃಪಾಂಕ ಹೆಚ್ಚಿಸಬೇಕಾಯ್ತು. ಚಿತ್ರದುರ್ಗ ಒಂದರಿಂದ 21ನೇ ಸ್ಥಾನಕ್ಕೆ ಬಂತು.

ಬರೀ ಕಾಪಿಯಿಂದ ಫಸ್ಟ್ ಬಂದಿದ್ದು ಅಂತ ನಾನು ಹೇಳಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ತರಗತಿ ಮಾಡಿ, ಮನೆಗೆ ಫೋನ್ ಹಚ್ಚಿ, ಬೆಳಗಿನ ಜಾವ ಎಬ್ಬಿಸಿ ಓದಿಸಿದ ಮೇಷ್ಟ್ರುಗಳು ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ನನಗೆ ಚುಚ್ಚೋದು ಬೇರೆ. ಈ ಶ್ರಮ, ಈ ಫೋನು, ಈ ಸಂಜೆ ತರಗತಿ ಎಲ್ಲಾ ಹತ್ತನೇ ಕ್ಲಾಸಿಗೆ ಯಾಕೆ ಬರುತ್ತೆ? ಜಿಲ್ಲೆಗಳಿಗೆ ರ‍್ಯಾಂಕ್ ಕೊಡೋದು ಅಲ್ಲಿ, ಅದಕ್ಕೆ. ಮೂರನೇ ಕ್ಲಾಸಿನ ಕಳೆಯೋ ಲೆಕ್ಕಕ್ಕೆ ಪೇಪರ್‌ನಲ್ಲಿ ಪಟ್ಟಿ ಬರಲ್ಲ. ಪಾಸಾಗೋಕೆ ಬೇಕಾದಷ್ಟು ಪ್ರಶ್ನೆಗಳನ್ನಷ್ಟೇ ಉರು ಹೊಡೆಸೋ ‘ಪಾಸಿಂಗ್ ಪ್ಯಾಕೇಜ್’ ಹುಟ್ಟಿದ್ದೂ ಇದಕ್ಕೇ. ವರ್ಗಸಮೀಕರಣ ಬಿಡಿಸೋಕೆ ಕೂತ ಹುಡುಗನಿಗೆ ಮೈನಸ್ ಚಿಹ್ನೆ ಕಂಡ್ರೆ ಭಯ, ಆ ಭಯಕ್ಕೆ ಏಳು ವರ್ಷ ವಯಸ್ಸಾಗಿರುತ್ತೆ. ಅದನ್ನ ಮಾರ್ಚ್‌ ಪರೀಕ್ಷೆಗೆ ಮುಂಚಿನ ಮೂರು ತಿಂಗಳಲ್ಲಿ ತೆಗೀರಿ ಅಂತ ಹೈಸ್ಕೂಲ್ ಗಣಿತದ ಮೇಡಂ ಕೈಗೆ ಕೊಡ್ತೀವಿ.

ಮುಂಚೆಯೇ ಹಿಡಿದ್ರೆ ಆಗುತ್ತಾ ಅನ್ನೋದಕ್ಕೆ ಒಳ್ಳೆ ಪುರಾವೆ ಇದೆ. 2001ರಿಂದ ಮುಂಬೈ, ವಡೋದರಾ ನಗರಗಳಲ್ಲಿ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ ಅಂತ ಮಾಡ್ತು. ಅದೇ ಬಡಾವಣೆಯ ಓದಿದ ಹುಡುಗಿಯರು, ಮೂರು ನಾಲ್ಕನೇ ಕ್ಲಾಸಿನ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನ ಶಾಲೆ ಸಮಯದಲ್ಲೇ ಎರಡು ಗಂಟೆ ಕರ್ಕೊಂಡು ಮೊದಲಿಂದ ಹೇಳಿಕೊಡೋದು. ಬ್ಯಾನರ್ಜಿ, ಡುಫ್ಲೊ ಅಳೆದು ನೋಡಿದಾಗ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತ್ತು, ಅದರಲ್ಲೂ ತೀರಾ ಹಿಂದಿದ್ದವರದ್ದು. 2019ರಲ್ಲಿ ಇವರಿಗೆ ಮತ್ತು ಮೈಕೆಲ್ ಕ್ರೆಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಇಂಥ ಕೆಲಸಗಳನ್ನೂ ಹೆಸರಿಸಿದ್ರು.

ಆಮೇಲೆ ಕೋವಿಡ್. ನಮ್ಮಲ್ಲಿ ವಿದ್ಯಾಗಮ, ಮರಳಿ ಶಾಲೆ ತೆರೆದ ಮೇಲೆ ಕಲಿಕಾ ಚೇತರಿಕೆ. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಅದೇ 2020ರಲ್ಲಿ ಸುಮಾರು 4,500 ಮನೆಗಳ ಮೇಲೆ ಒಂದು ಪ್ರಯೋಗ ನಡೀತು. ಆ್ಯಪ್ ಇಲ್ಲ, ವಿಡಿಯೊ ಇಲ್ಲ. ವಾರಕ್ಕೊಂದು ಎಸ್‌ಎಂಎಸ್‌ ಲೆಕ್ಕ, ಜೊತೆಗೆ 20 ನಿಮಿಷದ ಫೋನ್ ಕಾಲ್. ಬಟನ್ ಮೊಬೈಲಾದ್ರೂ ಸಾಕು. ಬರೀ ಎಸ್‌ಎಂಎಸ್‌ ಕಳಿಸಿದ ಕಡೆ ಅಂಥ ಬದಲಾವಣೆ ಇಲ್ಲ, ಮನುಷ್ಯರು ಮಾತಾಡಿದ ಕಡೆ ಲೆಕ್ಕ ಸುಧಾರಿಸಿತ್ತು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ಮತ್ತೆ ನೋಡಿದ್ರು. ಸರ್ಕಾರಿ ಶಿಕ್ಷಕರು ಕಾಲ್ ಮಾಡಿದ್ರೂ ಫಲ ಕಡಿಮೆ ಆಗಲಿಲ್ಲ.

ಆ ದಾರಿಯಲ್ಲೇ ಕರ್ನಾಟಕಕ್ಕೆ ಬಂದಿದ್ದು ‘ಗಣಿತ-ಗಣಕ’. ಮೂರರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಸರ್ಕಾರಿ ಶಾಲೆಯ ಶಿಕ್ಷಕರೇ ಶಾಲೆ ಮುಗಿದ ಮೇಲೆ ಫೋನ್ ಮಾಡಿ, ಮಗು ನಿಂತಿರೋ ಮೆಟ್ಟಿಲಿಂದ ಲೆಕ್ಕ ಹೇಳಿಕೊಡೋದು. ಕೂಡೋದು ಬಂದ ಮಗುವಿಗೆ ಕಳೆಯೋದು, ಕಳೆಯೋದು ಬಂದ ಮಗುವಿಗೆ ಗುಣಿಸೋದು. ಕೆಲವು ಜಿಲ್ಲೆಗಳಲ್ಲಿ ನೋಡಿ, 2025ರ ಮಾರ್ಚಿನ ರಾಜ್ಯ ಬಜೆಟ್‌ನಲ್ಲಿ ವಿಸ್ತರಿಸೋ ಮಾತು ಬಂತು. ಮೇಷ್ಟ್ರುಗಳಿಗೆ ಇನ್ನೊಂದು ಹೊರೆ ಅಂತ ಅನ್ನೋರಿದ್ದಾರೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಸಂಜೆ ಹೊತ್ತಿನ ಸಮಯಕ್ಕೂ ಬೆಲೆ ಇದೆ. ಆದ್ರೂ ಇಲ್ಲಿ ಒಂದು ವಿಷಯ ತಿರುಗುಮುರುಗಾಗಿದೆ: ಹತ್ತನೇ ಕ್ಲಾಸಿನ ಮನೆಗೆ ಬರ್ತಿದ್ದ ಫೋನು ಈಗ ಮೂರನೇ ಕ್ಲಾಸಿನ ಮನೆಗೆ ಬರ್ತಿದೆ.

ಮನೆಯಲ್ಲಿ ಒಂದೇ ಮೊಬೈಲು. ಅದು ಅಪ್ಪನ ಜೇಬಲ್ಲಿ ಹೊಲಕ್ಕೋ ಅಡಿಕೆ ಸುಲಿಯೋ ಶೆಡ್ಡಿಗೋ ಹೋಗಿರುತ್ತೆ, ವಾಪಸ್ ಬರೋದು ಏಳು ಗಂಟೆ ಮೇಲೆ. ಇಲ್ಲಾ ಅಣ್ಣ ಅಕ್ಕನ ಕೈಯಲ್ಲಿರುತ್ತೆ, ಅಂದ್ರೆ ನಿಮ್ಮ ಕೈಯಲ್ಲಿ. ಈ ಕಂತು ಕೇಳ್ತಿರೋವಾಗಲೇ ಮೇಡಂ ಕಾಲ್ ಬಂದ್ರೆ ನನ್ನನ್ನ ಪಾಸ್ ಮಾಡಿ, ತಮ್ಮನಿಗೆ ಕೊಡಿ, ಸ್ಪೀಕರ್ ಆನ್ ಮಾಡಿ. ಪೆನ್ಸಿಲ್ಲು ಹಾಳೆ ಹತ್ತಿರ ಇಡಿ. ಉತ್ತರ ನೀವು ಹೇಳಬೇಡಿ.

ಮುಂದಿನ ಕಂತಿನಲ್ಲಿ ಕೊಳಗ, ಬಳ್ಳ, ಸೇರಿನ ಕಥೆ. ಸಿಗೋಣ.